ಗ್ಯಾಂಗ್ ಪಟ್ಟಿಯಲ್ಲಿ ಶೇ. 99 ಜನ ಕಪ್ಪು, ಲ್ಯಾಟಿನೋ. ಆದರೂ ಕೋರ್ಟಿನಲ್ಲಿ ತಾರತಮ್ಯ ಸಾಬೀತು ಮಾಡುವುದು ಯಾಕಿಷ್ಟು ಕಷ್ಟ?

ಜರ್ಸಿ_ಸೀನ
ನ್ಯೂಯಾರ್ಕ್ ಪೊಲೀಸರ ಗ್ಯಾಂಗ್ ಡೇಟಾಬೇಸ್ ವಿರುದ್ಧ 2025ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟಿಗೆ ಒಂದು ಕೇಸ್ ಹೋಯಿತಲ್ಲ, ಅದರ ಮೇಲೆ ನಮ್ಮ ಆಫೀಸಿನಲ್ಲಿ ಎರಡು ಪಾರ್ಟಿ ಆಗಿದೆ. 2023ರಲ್ಲಿ ನಗರದ ತನಿಖಾ ಇಲಾಖೆ ವರದಿ ಕೊಟ್ಟಾಗ ಆ ಪಟ್ಟಿಯಲ್ಲಿ 16 ಸಾವಿರಕ್ಕೂ ಜಾಸ್ತಿ ಹೆಸರಿದ್ದವು. ಶೇ. 99 ಜನ ಕಪ್ಪು ಅಥವಾ ಲ್ಯಾಟಿನೋ. ಪಟ್ಟಿಗೆ ಸೇರಲು ಶಿಕ್ಷೆ ಆಗಿರಬೇಕು ಅಂತೇನಿಲ್ಲ. ಇಂಥ ಜಾಗದಲ್ಲಿ ಓಡಾಡುತ್ತಾನೆ, ಇಂಥ ಬಣ್ಣದ ಬಟ್ಟೆ ಹಾಕುತ್ತಾನೆ, ಇಂಥವನ ಜೊತೆ ಕಾಣಿಸಿಕೊಂಡ ಅನ್ನುವಂಥ ಗುರುತುಗಳಲ್ಲಿ ಎರಡು ಕೂಡಿದರೆ ಸಾಕು.

ನನ್ನ ಟೀಮಿನ ಒಬ್ಬರು ಹೇಳುವುದು: "ಗ್ಯಾಂಗಲ್ಲಿ ಯಾರಿದ್ದಾರೋ ಅವರ ಹೆಸರಿರುತ್ತೆ. ಅದರಲ್ಲಿ ಜನಾಂಗ ಎಲ್ಲಿ ಬಂತು?" ನಾನು ಹೇಳುವುದು: 99 ಅಂದಮೇಲೆ ಇನ್ನೇನು ಸಾಕ್ಷಿ ಬೇಕು? ಈ ಒಂದು ಅಂಕಿ ನೋಡಿ ಕೋರ್ಟ್ ಪಟ್ಟಿಯನ್ನು ರದ್ದು ಮಾಡಬಹುದಲ್ವಾ? ಲಾ ಓದಿದವರು ಬಿಡಿಸಿ ಹೇಳಿ. ನಾನು ಡೇಟಾಬೇಸ್ ಕೆಲಸದವನು, ಕಾನೂನು ಅಷ್ಟಕ್ಕಷ್ಟೆ.

ಖಾರಾಬೂಂದಿ
ನಿಮ್ಮ ಟೀಮಿನವರು ಹೇಳಿದ್ದರಲ್ಲಿ ತಪ್ಪೇನಿದೆ? ಗುಂಡು ಹಾರುವ ಬೀದಿಯಲ್ಲಿ ತಾನೇ ಪೊಲೀಸರು ಓಡಾಡಬೇಕು. ಲೆಕ್ಕ ಸರಿ ಮಾಡಲು ಮ್ಯಾನ್‌ಹ್ಯಾಟನ್ನಿನ ಬ್ಯಾಂಕಿನವರ ಹೆಸರನ್ನೂ ಹಾಕಬೇಕಾ?

ವಕೀಲಮ್ಮ_ಇಲಿನಾಯ್
ಸೀನ ಅವರೇ, ಅಂಕಿ ಒಂದೇ ಸಾಕಾಗುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಅಡ್ಡ ನಿಂತಿರುವುದು 1976ರ ವಾಷಿಂಗ್ಟನ್ ವರ್ಸಸ್ ಡೇವಿಸ್ ತೀರ್ಪು. ಸರ್ಕಾರದ ಒಂದು ಕ್ರಮದಿಂದ ಒಂದು ಜನಾಂಗಕ್ಕೆ ಜಾಸ್ತಿ ಪೆಟ್ಟು ಬಿತ್ತು ಅಂತ ತೋರಿಸಿದರೆ ಸಂವಿಧಾನದ ಸಮಾನತೆಯ ವಾದ ಗೆಲ್ಲುವುದಿಲ್ಲ. ಪೆಟ್ಟು ಕೊಡಬೇಕು ಅಂತಲೇ ಮಾಡಿದರು ಎಂದು ತೋರಿಸಬೇಕು. ಹೋಗಲಿ, 1964ರ ನಾಗರಿಕ ಹಕ್ಕುಗಳ ಕಾಯ್ದೆ ಹಿಡಿಯೋಣ ಅಂದರೆ, 2001ರ ಸ್ಯಾಂಡೊವಾಲ್ ತೀರ್ಪು ಅಲ್ಲೂ ಬಾಗಿಲು ಹಾಕಿತು. ಖಾಸಗಿಯಾಗಿ ಕೇಸ್ ಹಾಕುವವರು ಉದ್ದೇಶವನ್ನೇ ಸಾಬೀತು ಮಾಡಬೇಕು. ಯಾವ ಅಧಿಕಾರಿ ತಾನೇ "ಕಪ್ಪು ಹುಡುಗರನ್ನು ಸೇರಿಸಿ" ಅಂತ ಬರೆದು ಸಹಿ ಹಾಕುತ್ತಾನೆ?

ಹಾಗಾಗಿ ವಕೀಲರು ಜನಾಂಗದ ವಾದವನ್ನು ಬಿಡುವುದಿಲ್ಲ, ಅದೊಂದನ್ನೇ ನೆಚ್ಚಿಕೊಳ್ಳುವುದೂ ಇಲ್ಲ. ಹೆಸರು ಸೇರಿಸಿದ್ದನ್ನು ತಿಳಿಸಲಿಲ್ಲ, ಪ್ರಶ್ನಿಸಲು ದಾರಿ ಕೊಡಲಿಲ್ಲ, ಗೆಳೆಯರ ಜೊತೆ ನಿಂತಿದ್ದನ್ನೇ ಅಪರಾಧ ಮಾಡಿದರು, ಇಂಥವೆಲ್ಲ ಜೊತೆಗೆ ಬರುತ್ತವೆ. ಇಲ್ಲಿವರೆಗೆ ನಾನು ನೋಡಿದ ಮಟ್ಟಿಗೆ ಕೆಲಸಕ್ಕೆ ಬರುವುದು ಈ ಪಕ್ಕದ ವಾದಗಳೇ.

ಇಲಿನಾಯ್‌ನಲ್ಲಿ ಆದರೆ 2003ರ ಒಂದು ರಾಜ್ಯ ಕಾಯ್ದೆ ಇದೆ. ಉದ್ದೇಶ ತೋರಿಸದೆ ಪರಿಣಾಮ ತೋರಿಸಿದರೂ ಕೇಸ್ ನಿಲ್ಲುತ್ತದೆ. ಎಲ್ಲ ರಾಜ್ಯಗಳಲ್ಲೂ ಹಾಗಿಲ್ಲ.

ಮಂಡ್ಯ_ಮಾದ
ಮೇಡಂ, ಹಾಗಾದರೆ 2013ರಲ್ಲಿ ಸ್ಟಾಪ್ ಅಂಡ್ ಫ್ರಿಸ್ಕ್ (ರಸ್ತೆಯಲ್ಲಿ ಜನರನ್ನು ತಡೆದು ಮೈ ತಡಕುವುದು) ಕೇಸ್ ಹೇಗೆ ಗೆದ್ದರು? ಫ್ಲಾಯ್ಡ್ ವರ್ಸಸ್ ಸಿಟಿ ಆಫ್ ನ್ಯೂಯಾರ್ಕ್. ಜಡ್ಜ್ ಶೀರಾ ಶೈಂಡ್ಲಿನ್ ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ತಿದ್ದುಪಡಿ ಉಲ್ಲಂಘನೆ ಆಗಿದೆ ಅಂತ ನೇರವಾಗಿ ಬರೆದರು. ಅದೇ ಊರು, ಅದೇ ಪೊಲೀಸರು. ನೀವು ಆಗೋದೇ ಇಲ್ಲ ಅನ್ನೋ ಥರ ಹೇಳ್ತಿದ್ದೀರಿ.

ವಕೀಲಮ್ಮ_ಇಲಿನಾಯ್
ಒಳ್ಳೆ ಪ್ರಶ್ನೆ ಮಾದ ಅವರೇ. ಆ ಕೇಸಿನಲ್ಲಿ 2004ರಿಂದ 2012ರವರೆಗಿನ 44 ಲಕ್ಷ ತಡೆಗಳ ದಾಖಲೆ ಇತ್ತು. ಒಬ್ಬನನ್ನು ತಡೆದಾಗ ಪೊಲೀಸ್ ಒಂದು ಫಾರ್ಮ್ ತುಂಬಬೇಕಿತ್ತು: ಯಾರು, ಎಲ್ಲಿ, ಯಾಕೆ, ಏನು ಸಿಕ್ಕಿತು. ಆ ಫಾರ್ಮುಗಳನ್ನೇ ಲೆಕ್ಕ ಹಾಕಿ ತಜ್ಞರು ಸಾಕ್ಷಿ ಹೇಳಿದರು. ತಡೆಸಿಕೊಂಡವನಿಗೂ ತನ್ನನ್ನು ತಡೆದದ್ದು ಗೊತ್ತಿರುತ್ತದೆ.

ಗ್ಯಾಂಗ್ ಪಟ್ಟಿಯಲ್ಲಿ ಇದು ತಲೆಕೆಳಗು. ಹೆಸರಿದೆ ಅಂತ ಹುಡುಗನಿಗೇ ಗೊತ್ತಿಲ್ಲ. ಗೊತ್ತಿಲ್ಲದವನು ಕೇಸ್ ಹಾಕುವುದು ಹೇಗೆ? ಹಾಕಿದರೂ "ನಿನ್ನ ಹೆಸರು ಅದರಲ್ಲಿದೆ ಅಂತ ಮೊದಲು ತೋರಿಸು" ಅನ್ನುತ್ತಾರೆ. ಖಾರಾಬೂಂದಿಯವರಿಗೂ ಇದೇ ಉತ್ತರ. ಪಟ್ಟಿಯಲ್ಲಿ ಇರುವವರೆಲ್ಲ ಗ್ಯಾಂಗಿನವರೇ ಅಂತ ಹೇಳಬೇಕಾದರೆ ಯಾರಾದರೂ ಹೊರಗಿನವರು ಪಟ್ಟಿ ತೆರೆದು ನೋಡಿರಬೇಕು. ನೋಡಿದ ಕಡೆಯೆಲ್ಲ ಏನು ಸಿಕ್ಕಿತು ಅಂತ ಸ್ವಲ್ಪ ಹುಡುಕಿ ನೋಡಿ.

ರಾತ್ರಿಪಾಳಿ
ಹುಡುಕುವುದು ಯಾಕೆ, ನಾನೇ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಗ್ಯಾಂಗ್ ಡೇಟಾಬೇಸನ್ನು 2016ರಲ್ಲಿ ರಾಜ್ಯದ ಆಡಿಟರ್ ತೆರೆದು ನೋಡಿದರು. ಹೆಸರು ಸೇರಿಸಿದಾಗ ಒಂದು ವರ್ಷವೂ ತುಂಬದ ವಯಸ್ಸು ತೋರಿಸುತ್ತಿದ್ದ 42 ದಾಖಲೆ ಸಿಕ್ಕವು. ಅದರಲ್ಲಿ 28 "ಜನ" ತಾವು ಗ್ಯಾಂಗಿನವರು ಅಂತ ತಾವೇ ಒಪ್ಪಿಕೊಂಡಿದ್ದರಂತೆ! ತೊಟ್ಟಿಲಲ್ಲಿ ಮಲಗಿಕೊಂಡು ತಪ್ಪೊಪ್ಪಿಗೆ.

ಇನ್ನೊಂದಿದೆ. ಐದು ವರ್ಷ ಏನೂ ಆಗದಿದ್ದರೆ ಹೆಸರು ಅಳಿಸಬೇಕು ಅಂತ ನಿಯಮ. 600ಕ್ಕೂ ಹೆಚ್ಚು ದಾಖಲೆಗಳಲ್ಲಿ ಅಳಿಸುವ ದಿನಾಂಕವನ್ನು ಅದಕ್ಕೂ ಮುಂದೆ ಹಾಕಿದ್ದರು. ಎಷ್ಟೋ ಹೆಸರುಗಳಿಗೆ 100 ವರ್ಷ ದಾಟಿದ ದಿನಾಂಕ.

ಜರ್ಸಿ_ಸೀನ
ಅಯ್ಯೋ ರಾಮ. ಹುಟ್ಟಿದ ದಿನಾಂಕ ಸೇರಿಸಿದ ದಿನಾಂಕಕ್ಕಿಂತ ಇಷ್ಟು ವರ್ಷ ಹಿಂದಿರಬೇಕು ಅಂತ ಒಂದು ಚೆಕ್ ಹಾಕಲು ಎಷ್ಟು ಹೊತ್ತು ಬೇಕು? ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರೇ ಮೊದಲ ವಾರದಲ್ಲಿ ಹಾಕುತ್ತಾರೆ. ಅಂದರೆ ಆ ಟೇಬಲ್ಲನ್ನು ಯಾರೂ ಯಾವತ್ತೂ ಪರೀಕ್ಷೆ ಮಾಡಿಲ್ಲ. ಆದರೆ ಅದನ್ನು ನಂಬಿ ಜನರ ಮೇಲೆ ಕ್ರಮ ಮಾತ್ರ ತೆಗೆದುಕೊಳ್ಳುತ್ತಿದ್ದರು.

ಡೆವನ್_ಅವೆನ್ಯೂ
ಚಿಕಾಗೋದ್ದು ಇನ್ನೂ ಚೆನ್ನಾಗಿದೆ ಕೇಳಿ. 2018ರಲ್ಲಿ ಪತ್ರಕರ್ತರು ಪಟ್ಟಿ ತರಿಸಿ ನೋಡಿದರೆ 118 ವರ್ಷದ ಗ್ಯಾಂಗ್ ಸದಸ್ಯರಿದ್ದರು, 132 ವರ್ಷದವರೂ ಇದ್ದರು. 2019ರಲ್ಲಿ ನಗರದ ಇನ್‌ಸ್ಪೆಕ್ಟರ್ ಜನರಲ್ ವರದಿ ಬಂತು. 1,34,242 ಹೆಸರು, ಅದರಲ್ಲಿ ಶೇ. 95 ಕಪ್ಪು ಅಥವಾ ಲ್ಯಾಟಿನೋ. ಬಂಧನದ ಕಾರ್ಡಿನಲ್ಲಿ ಉದ್ಯೋಗ ಅನ್ನುವ ಜಾಗದಲ್ಲಿ ಕೆಲವರಿಗೆ ಬೈಗುಳ ಬರೆದಿದ್ದರು. ಕೆಲವರಿಗೆ "ಕಪ್ಪು" ಅಂತಲೇ ಬರೆದಿದ್ದರು. ಉದ್ಯೋಗವಂತೆ, ಕಪ್ಪು. ವಕೀಲಮ್ಮ ಉದ್ದೇಶ ತೋರಿಸಬೇಕು ಅಂದರಲ್ಲ, ಇದಕ್ಕಿಂತ ಇನ್ನೇನು ಬೇಕು?

ಇದು ಬರೀ ಕಾಗದದ ಮಾತಲ್ಲ. 2017ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ವಲಸೆ ಇಲಾಖೆಯ ಪೊಲೀಸರು ಒಬ್ಬ ಗ್ವಾಟೆಮಾಲಾದವನ ಮನೆಗೆ ನುಗ್ಗಿ ಎಳೆದುಕೊಂಡು ಹೋದರು. ಅವನು ಗಾಯಗೊಂಡ. ಕಾರಣ ಗ್ಯಾಂಗ್ ಪಟ್ಟಿ. ನೋಡಿದರೆ ಅವನನ್ನು ಒಂದಕ್ಕೊಂದು ವೈರಿಯಾದ ಎರಡು ಗ್ಯಾಂಗಿನ ಸದಸ್ಯ ಅಂತ ಬರೆದಿದ್ದರು. ಕೇಸ್ ಹಾಕಿದ ಮೇಲೆ ಅದೇ ವರ್ಷದ ಕೊನೆಗೆ ಅವನು ಗ್ಯಾಂಗಿನವನಲ್ಲ ಅಂತ ಚಿಕಾಗೋ ಪೊಲೀಸರು ಒಪ್ಪಿಕೊಂಡರು. ಆಗ ನಗರದ ಕಾನೂನಿನಲ್ಲಿ ವಲಸಿಗರಿಗೆ ರಕ್ಷಣೆ ಇತ್ತು, ಗ್ಯಾಂಗ್ ಪಟ್ಟಿಯಲ್ಲಿ ಇರುವವರಿಗೆ ಮಾತ್ರ ಇರಲಿಲ್ಲ. ಆ ವಿನಾಯಿತಿಯನ್ನು ತೆಗೆದದ್ದು 2021ರಲ್ಲಿ.

ವಕೀಲಮ್ಮ_ಇಲಿನಾಯ್
ಡೆವನ್ ಅವರೇ, ಆ ಕಾರ್ಡುಗಳು ಕೋರ್ಟಿನಲ್ಲಿ ಭಾರೀ ಸಾಕ್ಷಿ ಆಗುತ್ತಿದ್ದವು, ಒಪ್ಪುತ್ತೇನೆ. ಆದರೆ 2018ರಲ್ಲಿ ಸಂಘಟನೆಗಳು ಹಾಕಿದ ದೊಡ್ಡ ಕೇಸ್ 2020ರಲ್ಲಿ ತೀರ್ಪಿಲ್ಲದೆ ಮುಗಿಯಿತು. ಕಾರ್ಡುಗಳ ಮೇಲೆ ಯಾವ ಜಡ್ಜೂ ಮಾತಾಡಲಿಲ್ಲ. ನನಗೆ ಬೇಸರವಾಗುವುದು ಇಲ್ಲೇ.

ಟೂಟಿಂಗ್_ತಾರಾ
ಲಂಡನ್ನಿನಲ್ಲೂ ಇದೇ ಕಥೆ, ಕೊನೆ ಸ್ವಲ್ಪ ಬೇರೆ. 2011ರ ಗಲಭೆ ಆದಮೇಲೆ ಮೆಟ್ ಪೊಲೀಸರು ಗ್ಯಾಂಗ್ಸ್ ಮ್ಯಾಟ್ರಿಕ್ಸ್ ಅಂತ ಶುರು ಮಾಡಿದರು, 2012ರಲ್ಲಿ. ಪ್ರತಿ ಹೆಸರಿಗೂ ಕೆಂಪು, ಹಳದಿ, ಹಸಿರು ಅಂತ ಬಣ್ಣ. 2017ರ ಅಕ್ಟೋಬರ್‌ನಲ್ಲಿ 3,806 ಜನ ಇದ್ದರು, ಶೇ. 78 ಕಪ್ಪು ಜನ. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ 2018ರ ವರದಿಯಲ್ಲಿ ಪೊಲೀಸರ ಲೆಕ್ಕವನ್ನೇ ಪಕ್ಕದಲ್ಲಿಟ್ಟಿತು: ಯುವಕರ ಗಂಭೀರ ಹಿಂಸೆಯ ಪ್ರಕರಣಗಳಲ್ಲಿ ಕಪ್ಪು ಜನರ ಪಾಲು ಶೇ. 27. ಖಾರಾಬೂಂದಿಯವರೇ, "ಯಾರು ಮಾಡುತ್ತಾರೋ ಅವರ ಹೆಸರು" ಅನ್ನುವ ವಾದಕ್ಕೆ ಈ 78 ಮತ್ತು 27 ಹೇಗೆ ಹೊಂದುತ್ತವೆ ಹೇಳಿ.

ಅದೇ ವರ್ಷ ನವೆಂಬರ್‌ನಲ್ಲಿ ಮಾಹಿತಿ ಆಯುಕ್ತರ ಕಚೇರಿ ನೋಟಿಸ್ ಕೊಟ್ಟಿತು. ಅಪರಾಧ ಮಾಡಿದವರು ಯಾರು, ಅಪರಾಧಕ್ಕೆ ಬಲಿಯಾದವರು ಯಾರು ಅನ್ನುವ ವ್ಯತ್ಯಾಸವೇ ಪಟ್ಟಿಯಲ್ಲಿ ಇರಲಿಲ್ಲ. ಕೆಲವು ಕಡೆ, ತೆಗೆದುಹಾಕಿದ ಹೆಸರುಗಳನ್ನೇ ಬೇರೆ ಪಟ್ಟಿ ಮಾಡಿ ಇಟ್ಟುಕೊಂಡಿದ್ದರು! ಲಂಡನ್ನಿನ ಒಂದು ಸ್ಥಳೀಯ ಆಡಳಿತವಾದ ನ್ಯೂಹ್ಯಾಮ್ ಕೌನ್ಸಿಲ್ಲಿನಿಂದ 203 ಜನರ ಪಟ್ಟಿ ವಿವರ ಮರೆಮಾಚದೆ ಇಮೇಲಿನಲ್ಲಿ ಹೋಗಿ, ಅದರ ಫೋಟೋ ಸ್ನ್ಯಾಪ್‌ಚಾಟ್‌ನಲ್ಲಿ ವೈರಿ ಗ್ಯಾಂಗಿನವರ ಕೈ ಸೇರಿತು. ಕೌನ್ಸಿಲ್ಲಿಗೆ 1,45,000 ಪೌಂಡ್ ದಂಡ ಬಿತ್ತು.

ಆಮೇಲೆ ಲಿಬರ್ಟಿ ಅನ್ನುವ ನಾಗರಿಕ ಹಕ್ಕು ಸಂಸ್ಥೆ ಒಬ್ಬ ಸಂಗೀತಗಾರ ಮತ್ತು ಒಂದು ಸಂಘಟನೆಯ ಪರವಾಗಿ ಕೋರ್ಟಿಗೆ ಹೋಯಿತು. ವಿಚಾರಣೆಗೆ ಬರುವ ಮೊದಲೇ, 2022ರ ನವೆಂಬರ್‌ನಲ್ಲಿ ಮೆಟ್ ರಾಜಿಗೆ ಬಂತು. ಮ್ಯಾಟ್ರಿಕ್ಸ್ ನಡೆಸಿದ ರೀತಿ ಕಾನೂನುಬಾಹಿರ, ಖಾಸಗಿ ಬದುಕಿನ ಹಕ್ಕನ್ನು ಮುರಿದಿದ್ದೇವೆ ಅಂತ ಒಪ್ಪಿತು. ಸಾವಿರಕ್ಕೂ ಹೆಚ್ಚು ಹೆಸರು ತೆಗೆದರು. 2024ರ ಫೆಬ್ರವರಿಯಲ್ಲಿ ಇಡೀ ಮ್ಯಾಟ್ರಿಕ್ಸೇ ನಿಂತಿತು.

ಖಾರಾಬೂಂದಿ
78-27 ಲೆಕ್ಕ ನೋಡಿದೆ. ಗ್ಯಾಂಗ್ ಹಿಂಸೆ ಬೇರೆ, ಯುವಕರ ಹಿಂಸೆ ಬೇರೆ ಅಂತ ಪೊಲೀಸರು ಹೇಳಬಹುದು. ಅದೇನೇ ಇರಲಿ, ಪಟ್ಟಿ ಕೆಟ್ಟದಾಗಿ ಇಟ್ಟಿದ್ದಾರೆ ಅಂದರೆ ಸರಿ ಮಾಡಿ. ಕಿತ್ತೆಸೆಯಿರಿ ಅನ್ನುವುದು ಯಾವ ನ್ಯಾಯ? ನಮ್ಮ ಬೆಂಗಳೂರಲ್ಲಿ ರೌಡಿ ಶೀಟ್ ಇಲ್ವಾ? ಎಲೆಕ್ಷನ್ ಬಂತು ಅಂದರೆ ಎಲ್ಲರನ್ನೂ ಕರೆಸಿ ಪರೇಡ್ ಮಾಡಿಸುತ್ತಾರೆ, ಜನ ನೆಮ್ಮದಿಯಾಗಿರುತ್ತಾರೆ.

ಗಾಂಧಿಬಜಾರ್_ಗಿರಿ
ಪರೇಡಲ್ಲಿ ಕಟಿಂಗ್ ಮಾಡಿಸಿ, ಮೀಸೆ ಬೋಳಿಸಿ ಅಂತ ಇನ್‌ಸ್ಪೆಕ್ಟರ್ ಬೈಯೋ ವಿಡಿಯೋ ನೋಡಿಲ್ವಾ. ಅದರಲ್ಲಿ ಅರ್ಧ ಜನ ಆಮೇಲೆ ಕಾರ್ಪೊರೇಟರ್ ಸೀಟಿಗೆ ಅರ್ಜಿ ಹಾಕುತ್ತಾರೆ 😀

ಮಂಡ್ಯ_ಮಾದ
ಅರ್ಜಿ ಹಾಕೋದಲ್ಲ, ಗೆಲ್ತಾರೆ.

ಸೆಟ್ಲಮೆಂಟ್_ಹುಡುಗ
ಖಾರಾಬೂಂದಿ ಸರ್, ನೀವು ಇದನ್ನು ಸುಮ್ನೆ ಹೇಳಿಬಿಟ್ಟಿರಿ. ನಾನು ಹುಬ್ಬಳ್ಳಿಯ ಸೆಟ್ಲಮೆಂಟ್‌ನಲ್ಲಿ ಬೆಳೆದವನು. ಆ ಹೆಸರು ಯಾಕೆ ಬಂತು ಗೊತ್ತಾ? 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಇಂಥ ಜಾತಿಯಲ್ಲಿ ಹುಟ್ಟಿದವರೆಲ್ಲ ಕಳ್ಳರು ಅಂತ ಲೆಕ್ಕ. ಆಮೇಲೆ ಹುಬ್ಬಳ್ಳಿ, ಗದಗ, ವಿಜಾಪುರದ ಕಡೆ ಬೇಲಿ ಹಾಕಿ ಸೆಟ್ಲಮೆಂಟ್ ಮಾಡಿ ಕೂಡಿಹಾಕಿದರು. ನಮ್ಮ ಅಜ್ಜ ಹಾಜರಿ ಕೊಡದೆ ಪಕ್ಕದ ಊರಿನ ಸಂತೆಗೂ ಹೋಗುವಂತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಅವನು ಏನು ಕದ್ದಿದ್ದ ಅಂತ ಕೇಳಿದರೆ ಆಕೆಗೆ ನಗು ಬರುತ್ತಿತ್ತು.

ದೇಶದ ಮಟ್ಟದಲ್ಲಿ ಆ ಕಾಯ್ದೆ 1952ರಲ್ಲಿ ಹೋಯಿತು. ಬದಲಿಗೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ನಾನು ಕಾಲೇಜಿಗೆ ಹೋಗುವಾಗಲೂ ನಮ್ಮ ಓಣಿಯ ಸುತ್ತಮುತ್ತ ಕಳ್ಳತನ ಆದರೆ ಜೀಪು ಮೊದಲು ನಮ್ಮ ಕಡೆಗೇ ಬರುತ್ತಿತ್ತು. ಚಿಕಾಗೋ ಹುಡುಗರ ಸುದ್ದಿ ಓದಿದಾಗ ನನಗೆ ಹೊಸದೇನೂ ಅನಿಸಲಿಲ್ಲ.

ವಕೀಲಮ್ಮ_ಇಲಿನಾಯ್
ಅಣ್ಣಾ, ಬರೆದದ್ದು ಒಳ್ಳೆಯದಾಯಿತು. ಇದಕ್ಕೆ ನೇರವಾಗಿ ಸೇರುವ ಒಂದು ಆದೇಶ ಇದೆ. 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಅಮಾನತುಲ್ಲಾ ಖಾನ್ ಕೇಸಿನಲ್ಲಿ ಹಿಸ್ಟರಿ ಶೀಟ್‌ಗಳ (ರೌಡಿ ಶೀಟಿನ ಥರದ ಪೊಲೀಸ್ ದಾಖಲೆ) ಬಗ್ಗೆ ಹೇಳಿತು. ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದವರ, ದಲಿತ ಮತ್ತು ಬುಡಕಟ್ಟು ಜನರ ಹೆಸರನ್ನು ಬರೀ ಪೂರ್ವಗ್ರಹದಿಂದ ಯಾಂತ್ರಿಕವಾಗಿ ಸೇರಿಸಬಾರದು, ಮಕ್ಕಳ ವಿವರ ಹೊರಗೆ ಬರಬಾರದು ಅಂತ. ದೆಹಲಿಗಷ್ಟೇ ನಿಲ್ಲಿಸದೆ, ಎಲ್ಲ ರಾಜ್ಯಗಳೂ ತಮ್ಮ ನಿಯಮ ಮತ್ತೆ ನೋಡಿ ಅಂದಿತು. ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ, ರೌಡಿ ಶೀಟ್ ತೆರೆಯುವ ಮೊದಲು ಆ ವ್ಯಕ್ತಿಗೆ ತಿಳಿಸಿ ಅವನ ಮಾತು ಕೇಳಬೇಕು ಅಂದಿದೆ.

ಇದಕ್ಕೆಲ್ಲ ತಳಪಾಯ ಆಗಿರುವ 2017ರ ಖಾಸಗಿತನದ ತೀರ್ಪಿನಲ್ಲಿ ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಅಲ್ಲೂ ಇಲ್ಲೂ ಕೋರ್ಟುಗಳಿಗೆ ಕೈಗೆಟುಕುವುದು ನೋಟಿಸು, ಖಾಸಗಿತನ, ಮರುಪರಿಶೀಲನೆ. "ನೀವು ಜಾತಿ ನೋಡಿ ಬರೆದಿದ್ದೀರಿ", "ಬಣ್ಣ ನೋಡಿ ಬರೆದಿದ್ದೀರಿ" ಅಂತ ಒಂದು ಪಟ್ಟಿಯ ಮೇಲೆ ತೀರ್ಪು ಬರೆಯಲು ಪೆನ್ನು ಏಳುವುದಿಲ್ಲ.

ಮಾಲ್ಮೋ_ಮೈಸೂರಿಗ
ಪೆನ್ನು ಎದ್ದ ಕಡೆಯೂ ಇದೆ ಮೇಡಂ. ನಾನಿರುವುದು ದಕ್ಷಿಣ ಸ್ವೀಡನ್ನಿನಲ್ಲಿ. 2013ರಲ್ಲಿ ಒಂದು ಪತ್ರಿಕೆ ಬಯಲು ಮಾಡಿತು: ಇಲ್ಲಿನ ಸ್ಕೋನೆ ಪೊಲೀಸರು 4,000ಕ್ಕೂ ಹೆಚ್ಚು ರೋಮಾ ಜನರ (ಜಿಪ್ಸಿಗಳು ಅಂತ ಕರೆಯುತ್ತಿದ್ದ ಸಮುದಾಯ) ಪಟ್ಟಿ ಇಟ್ಟಿದ್ದರು. ಮಕ್ಕಳು ಮುದುಕರು ಎಲ್ಲ ಸೇರಿ, ವಂಶವೃಕ್ಷದ ಥರ. ಸರ್ಕಾರ ಮೊದಲು ತಲೆಗೆ 5,000 ಕ್ರೋನಾ ಪರಿಹಾರ ಕೊಟ್ಟು ಮುಗಿಸಲು ನೋಡಿತು. 11 ಜನ ಕೇಸ್ ಹಾಕಿದರು. 2016ರಲ್ಲಿ ಸ್ಟಾಕ್‌ಹೋಮ್ ಕೋರ್ಟ್, ಇವರ ಹೆಸರು ಸೇರಿದ್ದು ಜನಾಂಗದ ಕಾರಣಕ್ಕೇ, ಇದು ತಾರತಮ್ಯ ಅಂತ ನೇರವಾಗಿ ಹೇಳಿತು. ಒಬ್ಬೊಬ್ಬರಿಗೂ ಇನ್ನೂ 30,000 ಕ್ರೋನಾ. 2017ರಲ್ಲಿ ಮೇಲಿನ ಕೋರ್ಟೂ ಒಪ್ಪಿತು.

ರಾತ್ರಿಪಾಳಿ
ಅದರಲ್ಲಿ ಗೆದ್ದದ್ದು ಯಾಕೆ ಅಂದರೆ ಬೇರೆ ನೆಪವೇ ಉಳಿದಿರಲಿಲ್ಲ. ಹಸುಗೂಸಿನ ಹೆಸರಿಗೆ ರಕ್ತಸಂಬಂಧ ಬಿಟ್ಟು ಇನ್ನೇನು ಕಾರಣ ಹೇಳುತ್ತಾರೆ? ಅಮೆರಿಕದ ಪಟ್ಟಿಗಳಲ್ಲಿ ಪ್ರತಿ ಹೆಸರಿನ ಎದುರಿಗೂ ಒಂದು ಕಾರಣ ಬರೆದಿರುತ್ತಾರೆ. ಟೋಪಿ, ಹಚ್ಚೆ, ಫೋಟೋ, ಎಮೋಜಿ. ಆ ಕಾರಣ ಎಷ್ಟು ಟೊಳ್ಳಾದರೂ ಕೋರ್ಟಿಗೆ ಅದು ಜನಾಂಗದ ಮೇಲೆ ಹೊದಿಸಿದ ಕಂಬಳಿ.

ಕಂಬಳಿ ಎಳೆದು ನೋಡಿದ ಉದಾಹರಣೆ ಬಾಸ್ಟನ್ನಿನದು. ಅಲ್ಲಿ ಪಾಯಿಂಟ್ ಪದ್ಧತಿ. 10 ಪಾಯಿಂಟ್ ಆದರೆ ಸದಸ್ಯ. ಗ್ಯಾಂಗಿನವನು ಅಂತ ಪೊಲೀಸರು ನಂಬಿದವನ ಜೊತೆ ಪ್ರತಿ ಸಲ ಕಾಣಿಸಿಕೊಂಡರೆ 2 ಪಾಯಿಂಟ್. ಎಲ್ ಸಾಲ್ವಡಾರ್‌ನಿಂದ ಬಂದ ಒಬ್ಬ ಹದಿಹರೆಯದವನು ತನ್ನ ಊರಿನ ಹುಡುಗರ ಜೊತೆ ಪಾರ್ಕಿನಲ್ಲಿ, ಶಾಲೆ ಹತ್ತಿರ ನಿಂತದ್ದಕ್ಕೇ ಹೆಚ್ಚಿನವು ಸಿಕ್ಕಿ ಒಟ್ಟು 21 ಪಾಯಿಂಟ್ ಗಳಿಸಿದ! ಬ್ಯಾಗಿನಲ್ಲಿದ್ದ ಸೈಕಲ್ ಚೈನು ಬೀಗವೂ ಅವನ ವಿರುದ್ಧ ಬಂತು. ಅದನ್ನು ನಂಬಿ ವಲಸೆ ಜಡ್ಜ್ ಆಶ್ರಯ ಕೊಡಲಿಲ್ಲ. 2022ರ ಜನವರಿಯಲ್ಲಿ 1ನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಆ ಆದೇಶ ಹೊಡೆದು ಹಾಕಿತು. ಈ ಪಾಯಿಂಟುಗಳನ್ನು ನಂಬಲು ಆಧಾರವೇ ಇಲ್ಲ ಅಂತ. ಗಮನಿಸಿ, ಅದು ಸಾಕ್ಷಿ ನಂಬಿಕೆಗೆ ಅರ್ಹವಲ್ಲ ಅನ್ನುವ ತೀರ್ಪು. ಜನಾಂಗದ ತೀರ್ಪಲ್ಲ.

ಖಾರಾಬೂಂದಿ
ಸರಿ, ಬಾಸ್ಟನ್ ಹುಡುಗನದ್ದು ಅನ್ಯಾಯ. ಆದರೆ ಪೊಲೀಸರು ಏನು ಮಾಡಬೇಕು ಅಂತ ಇಲ್ಲಿ ಯಾರೂ ಹೇಳಲಿಲ್ಲ. ನೋಟಿಸ್ ಕಳಿಸಿ "ನಿನ್ನ ಮೇಲೆ ಕಣ್ಣಿಟ್ಟಿದ್ದೇವೆ" ಅಂತ ಹೇಳಿದರೆ ನಿಜವಾದ ಗ್ಯಾಂಗಿನವನು ಹುಷಾರಾಗುವುದಿಲ್ವಾ?

ವಕೀಲಮ್ಮ_ಇಲಿನಾಯ್
ಕ್ಯಾಲಿಫೋರ್ನಿಯಾ ನೋಟಿಸ್ ಕಡ್ಡಾಯ ಮಾಡಿತು. ಮೊದಲು ಮಕ್ಕಳ ವಿಷಯದಲ್ಲಿ ತಂದೆತಾಯಿಗೆ, 2016ರ ಕಾನೂನಿನಿಂದ ದೊಡ್ಡವರಿಗೂ. ಆ ನೋಟಿಸಿನಿಂದ ಏನಾಯಿತು ಕೇಳಿ. 2019ರಲ್ಲಿ ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಕಡೆಯ ಒಬ್ಬ ತಾಯಿಗೆ "ನಿಮ್ಮ ಮಗ ಗ್ಯಾಂಗಿನವನು" ಅಂತ ಪತ್ರ ಬಂತು. ಆಕೆ ನೇರವಾಗಿ ಸ್ಟೇಷನ್ನಿಗೆ ಹೋಗಿ ಕೇಳಿದರು. ಮೇಲಧಿಕಾರಿ ಪೊಲೀಸರ ಮೈಮೇಲಿನ ಕ್ಯಾಮೆರಾದ ವಿಡಿಯೋ ನೋಡಿದರೆ, ಹುಡುಗನ ಬಗ್ಗೆ ಪೊಲೀಸರು ತುಂಬಿದ ಕಾರ್ಡಿನಲ್ಲಿ ಬರೆದದ್ದು ಅದರಲ್ಲಿಲ್ಲ. ಅಲ್ಲಿಂದ ದಾರ ಎಳೆದಂತೆ ತನಿಖೆ ಬೆಳೆಯಿತು. 2020ರಲ್ಲಿ ಸುಳ್ಳು ಕಾರ್ಡ್ ಬರೆದ ಆರೋಪದ ಮೇಲೆ ಪೊಲೀಸರ ಮೇಲೇ ಕ್ರಿಮಿನಲ್ ಕೇಸ್ ಆಯಿತು. ಲಾಸ್ ಏಂಜಲೀಸ್ ಪೊಲೀಸರು ಕ್ಯಾಲ್‌ಗ್ಯಾಂಗ್ ಬಿಟ್ಟರು. ಅವರು ತುಂಬಿಸಿದ ದಾಖಲೆಗಳನ್ನು ಬೇರೆ ಪೊಲೀಸರೂ ಬಳಸದಂತೆ ರಾಜ್ಯದ ಅಟಾರ್ನಿ ಜನರಲ್ ಮುಚ್ಚಿಸಿದರು.

ಒಂದು ಪತ್ರ, ಒಬ್ಬ ಹಟಮಾರಿ ತಾಯಿ. ನನ್ನ ಮಟ್ಟಿಗೆ ಯಾವ ದೊಡ್ಡ ತೀರ್ಪಿಗಿಂತಲೂ ಈ ನೋಟಿಸ್ ನಿಯಮವೇ ಜಾಸ್ತಿ ಕೆಲಸ ಮಾಡಿದೆ. ಪೊಲೀಸರು ಏನು ಮಾಡಬೇಕು ಅಂದಿರಿ. ಅಪರಾಧ ನಡೆದರೆ ಆ ಅಪರಾಧವನ್ನು ತನಿಖೆ ಮಾಡಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಡೆವನ್_ಅವೆನ್ಯೂ
ನನಗೆ ಅಷ್ಟು ಭರವಸೆ ಇಲ್ಲ. ಚಿಕಾಗೋದಲ್ಲಿ ಹಳೇ ಪಟ್ಟಿ ಕೆಟ್ಟದ್ದು ಅಂತ ಹೊಸ ಹೆಸರಿನ ಇನ್ನೊಂದು ಪಟ್ಟಿ ತರಲು ಹೊರಟರು. 2023ರಲ್ಲಿ ನಾಗರಿಕರ ಆಯೋಗ ಮತ ಹಾಕಿ ಅದನ್ನೂ ತಡೆಯಬೇಕಾಯಿತು. ಲಂಡನ್ನಿನಲ್ಲೂ ಮ್ಯಾಟ್ರಿಕ್ಸ್ ಹೋಗಿ ಬೇರೆ ಏನೋ ಬಂದಿದೆಯಲ್ವಾ ತಾರಾ ಅವರೇ?

ಟೂಟಿಂಗ್_ತಾರಾ
ಹೌದು, ವಯಲೆನ್ಸ್ ಹಾರ್ಮ್ ಅಸೆಸ್‌ಮೆಂಟ್ ಅಂತ. ಗ್ಯಾಂಗ್ ಅನ್ನುವ ಮಾತು ಬಿಟ್ಟು, ಹಿಂಸೆ ಮಾಡುವವರ ಮೇಲೆ ಗಮನ ಅಂತ ಹೇಳುತ್ತಾರೆ. ಸದ್ಯಕ್ಕೆ ನಾನು ನಂಬಿಯೂ ಇಲ್ಲ, ಬಿಟ್ಟೂ ಇಲ್ಲ.

ಜರ್ಸಿ_ಸೀನ
ನಾಳೆ ಆಫೀಸಿನಲ್ಲಿ 99ರ ಮಾತು ಬಿಟ್ಟು, "ಪಟ್ಟಿಯನ್ನು ಹೊರಗಿನವರು ಯಾರು ನೋಡಿದ್ದಾರೆ" ಅಂತ ಕೇಳುತ್ತೇನೆ. ವಕೀಲಮ್ಮನವರೇ, ಊಟ ಬಾಕಿ ಇದೆ ನಿಮಗೆ.

ಕ್ರಾಯ್ಡನ್_ಕಮಲ
ಇಷ್ಟು ಹೊತ್ತು ಓದುತ್ತಿದ್ದೆ. ತಾರಾ, ಒಂದು ಸಹಾಯ ಬೇಕಿತ್ತು. ನನ್ನ ಮಗನ ಜೊತೆ ಫುಟ್‌ಬಾಲ್ ಆಡುವ ಒಬ್ಬ ಹುಡುಗ, ಘಾನಾ ಮೂಲದವರು. ಅವನನ್ನು ಪೊಲೀಸರು ಪದೇ ಪದೇ ನಿಲ್ಲಿಸುತ್ತಾರೆ. ಆ ಹಳೇ ಪಟ್ಟಿಯಲ್ಲಿ ಹೆಸರಿತ್ತಾ, ಈಗಲೂ ಇದೆಯಾ ಅಂತ ಅವರ ಅಮ್ಮನಿಗೆ ತಿಳಿಯಬೇಕು. ಕೇಳುವುದು ಹೇಗೆ? ಕೇಳಿದರೆ ಇನ್ನೂ ತೊಂದರೆ ಆಗುತ್ತದೆ ಅಂತ ಹೆದರಿದ್ದಾರೆ.

ಟೂಟಿಂಗ್_ತಾರಾ
ಕಮಲಕ್ಕ, ಪೊಲೀಸರಿಗೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ (ನಮ್ಮ ಬಗ್ಗೆ ಇಟ್ಟಿರುವ ಮಾಹಿತಿ ಕೊಡಿ ಅಂತ ಕೇಳುವ ಅರ್ಜಿ) ಹಾಕಬೇಕು. ದುಡ್ಡು ಇಲ್ಲ, ವಕೀಲರೂ ಬೇಕಿಲ್ಲ. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. "ನನ್ನ ಬಗ್ಗೆ ಇರುವ ಎಲ್ಲ ದಾಖಲೆ" ಅಂತ ಮಾತ್ರ ಬರೆಯಬೇಡಿ. ಗ್ಯಾಂಗ್ಸ್ ಮ್ಯಾಟ್ರಿಕ್ಸ್ ಮತ್ತು ವಯಲೆನ್ಸ್ ಹಾರ್ಮ್ ಅಸೆಸ್‌ಮೆಂಟ್ ಎರಡರ ಹೆಸರೂ ಬರೆದು ಕೇಳಲಿ, ಯಾರ್ಯಾರಿಗೆ ಹಂಚಿದ್ದೀರಿ ಅಂತಲೂ ಕೇಳಲಿ. ಶಾಲೆಗೆ, ಕೌನ್ಸಿಲ್ಲಿಗೆ ಬೇರೆ ಬೇರೆ ಅರ್ಜಿ. "ಇದೆ ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ" ಅಂತ ಉತ್ತರ ಬಂದರೆ ಮಾಹಿತಿ ಆಯುಕ್ತರಿಗೆ ದೂರು ಕೊಡಬಹುದು. ನಿಲ್ಲಿಸಿ ತಪಾಸಣೆ ಮಾಡಿದಾಗ ರಸೀದಿ ಕೇಳಿ ಇಟ್ಟುಕೊಳ್ಳಲು ಆ ಹುಡುಗನಿಗೆ ಹೇಳಿ. ಅರ್ಜಿಯ ಮಾದರಿ ನಿಮಗೆ ಮೆಸೇಜ್ ಮಾಡುತ್ತೇನೆ, ಅವರ ಅಮ್ಮನ ಜೊತೆ ಕೂತು ತುಂಬಿಸಿ.